ಸೈ ಕೈ ಸೇರಿದೆ, ಸೇರಿದ ಮೇಲೆ ಕೆಲಸ ಶುರುವಾಯಿತು

ಅಮೆರಿಕದಲ್ಲಿ ಸೈಕಾಲಜಿ ಓದುವವರಿಗೆ ಎರಡನೇ ವರ್ಷದ ಹೊತ್ತಿಗೆ ‘ಸೈ ಕೈ’ ಅನ್ನೋ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ. ಚೆನ್ನಾಗಿ ಓದುವ ಸೈಕಾಲಜಿ ವಿದ್ಯಾರ್ಥಿಗಳ ಆನರ್ ಸೊಸೈಟಿ, ಅಂದರೆ ಗೌರವ ಸಂಘ ಅದು. 1929ರಲ್ಲಿ ಯೇಲ್ ಯೂನಿವರ್ಸಿಟಿಯಲ್ಲಿ ಮನಶ್ಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಶುರುವಾದದ್ದು. ಮದುವೆಯಾಗಿ ಹಾಸನದಿಂದ ಇಲಿನಾಯ್‌ಗೆ ಬಂದ ಮೇಲೆ ನಾನು ಇಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಡಿಗ್ರಿಗೆ ಸೇರಿದೆ. ಅಲ್ಲಿನ ಸೈ ಕೈ ಶಾಖೆ, ಅಂದರೆ ಚಾಪ್ಟರ್‌ನ ಸದಸ್ಯೆಯೂ ಆದೆ. ಈಗ ಊರಿಂದ ಓದಲು ಬರುವ ಹುಡುಗಿಯರು, “ಅಕ್ಕಾ, ಇದು ನಿಜದ್ದೇನಾ? ದುಡ್ಡು ಕಟ್ಟಬಹುದಾ?” ಅಂತ ಕೇಳುತ್ತಿರುತ್ತಾರೆ.

ಕೇಳಬೇಕಾದ ಪ್ರಶ್ನೆಯೇ. “ನೀವು ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ” ಅಂತ ಎಷ್ಟೋ ಈಮೇಲ್ ಬರುತ್ತವೆ. ನಾನು ನೋಡುವುದು ಇಷ್ಟೇ. ನಮ್ಮ ಡಿಪಾರ್ಟ್‌ಮೆಂಟ್‌ನಲ್ಲೇ ಅದರ ಚಾಪ್ಟರ್ ಇದೆಯಾ? ಪಾಠ ಹೇಳುವ ಪ್ರೊಫೆಸರ್ ಒಬ್ಬರು ಅದಕ್ಕೆ ಸಲಹೆಗಾರರಾಗಿದ್ದಾರಾ? ಕಾಲೇಜು ಆನರ್ ಸೊಸೈಟಿಗಳ ಒಕ್ಕೂಟದ ಪಟ್ಟಿಯಲ್ಲಿ ಹೆಸರಿದೆಯಾ? ಸೈ ಕೈ ಮೂರಕ್ಕೂ ಹೌದು ಅನ್ನುತ್ತದೆ. ಶುಲ್ಕವೂ ಒಂದೇ ಸಲ, ಸದಸ್ಯತ್ವ ಜೀವಮಾನದ್ದು. ಕೆಲವು ಚಾಪ್ಟರ್‌ಗಳು ತಮ್ಮದೂ ಒಂದಿಷ್ಟು ಸೇರಿಸುತ್ತವೆ, ಮೊದಲೇ ವಿಚಾರಿಸಿಕೊಳ್ಳಿ.

ಡಿಗ್ರಿ ವಿದ್ಯಾರ್ಥಿಗಳಿಗೆ ನಿಯಮ ಹೀಗಿದೆ. ಸೈಕಾಲಜಿ ಮೇಜರ್ (ಮುಖ್ಯ ವಿಷಯ) ಅಥವಾ ಮೈನರ್ (ಉಪವಿಷಯ) ಆಗಿರಬೇಕು. 3 ಸೆಮಿಸ್ಟರ್ ಮುಗಿದಿರಬೇಕು, ಸೈಕಾಲಜಿಯಲ್ಲೇ 9 ಕ್ರೆಡಿಟ್ ಆಗಿರಬೇಕು. ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಕನಿಷ್ಠ 3.0, ಜೊತೆಗೆ ತಮ್ಮ ವರ್ಷದ ವಿದ್ಯಾರ್ಥಿಗಳಲ್ಲಿ ಮೇಲಿನ 35 ಶೇಕಡಾದೊಳಗೆ ಬರಬೇಕು. ಈ ಕೊನೆಯದನ್ನು ತುಂಬಾ ಜನ ಗಮನಿಸುವುದಿಲ್ಲ. 3.0 ಇದ್ದರೂ ಕಾಲೇಜಿನಲ್ಲಿ ಎಲ್ಲರೂ ಚೆನ್ನಾಗಿ ಓದುವವರಾದರೆ ಆ ಸಾಲಿನೊಳಗೆ ಬರಲು 3.4, 3.5 ಬೇಕಾಗಬಹುದು. ನಾನು ಸಲಹೆಗಾರರ ಆಫೀಸಿಗೆ ಹೋಗಿ “ಈ ವರ್ಷ ಎಷ್ಟು ಬೇಕು ಮೇಡಂ?” ಅಂತ ನೇರವಾಗಿ ಕೇಳಿದೆ. ಅವರು ತಕ್ಷಣ ಹೇಳಿದರು. ಅರ್ಜಿ ಆನ್‌ಲೈನಿನಲ್ಲಿ ಹಾಕಿದರೆ ಅಂಕಗಳನ್ನು ಪರಿಶೀಲಿಸುವುದೂ ಚಾಪ್ಟರ್‌ನವರೇ. ಆಮೇಲೆ ಒಂದು ಸಂಜೆ ಸಣ್ಣ ಸಮಾರಂಭ. ಮೇಣದ ಬತ್ತಿ ಹಚ್ಚಿದೆವು, ದೊಡ್ಡ ಪುಸ್ತಕದಲ್ಲಿ ಸಹಿ ಹಾಕಿದೆವು, ಕೇಕ್ ತಿಂದೆವು.

ತುಂಬಾ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸರ್ಟಿಫಿಕೇಟ್ ಬಂತು, ರೆಸ್ಯೂಮೆಯಲ್ಲಿ ಒಂದು ಸಾಲು ಆಯಿತು. ನನಗೆ ಅದು ಸುಮ್ನೆ ದುಡ್ಡು ದಂಡ ಅನ್ನಿಸುತ್ತದೆ. ಸೈ ಕೈನಲ್ಲಿ ಬೆಲೆ ಬಾಳುವುದು ಸಂಶೋಧನೆಯ ದಾರಿ. ಸದಸ್ಯರಿಗೆ ಸಂಶೋಧನಾ ಅನುದಾನ ಇದೆ, ಸಮ್ಮೇಳನಕ್ಕೆ ಹೋಗಲು ಪ್ರಯಾಣದ ಸಹಾಯ ಇದೆ, ಸೊಸೈಟಿಯದೇ ಒಂದು ಜರ್ನಲ್ ಇದೆ. ಇದಕ್ಕೆಲ್ಲ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು.

ನನ್ನ ಪ್ರಶ್ನೆ ನೆನಪಿನ ಪಾಠದಲ್ಲಿ ಸಿಕ್ಕಿತು. ವೇಲ್ಸ್‌ನಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲೆ ಮಾಡಿದ ಅಧ್ಯಯನವೊಂದು 1980ರಲ್ಲಿ ಪ್ರಕಟವಾಗಿತ್ತು. ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಹೇಳಬೇಕಾದಾಗ ಅವರು ಇಂಗ್ಲಿಷಿನಲ್ಲಿ ಜಾಸ್ತಿ ನೆನಪಿಟ್ಟುಕೊಂಡರು. ವೆಲ್ಷ್ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅದೇ ಕಾರಣ. ಹಾಗಾದರೆ ಕನ್ನಡ? ಇಂಗ್ಲಿಷಿನ ‘ಟೂ’, ‘ನೈನ್’ ಒಂದೇ ಉಸಿರಿನ ಮಾತು. ನಮ್ಮ ‘ಎರಡು’, ‘ಒಂಬತ್ತು’ ಮೂರು ಮಾತ್ರೆಗಿಂತ ಕಮ್ಮಿಯಿಲ್ಲ.

ಚಾಪ್ಟರ್‌ನ ಇಬ್ಬರು ಗೆಳತಿಯರು ಜೊತೆಯಾದರು. ಇಬ್ಬರಿಗೂ ಕನ್ನಡ ಬಾರದು, ಆದರೆ ಒಬ್ಬಳು ಅಂಕಿಅಂಶದಲ್ಲಿ ಗಟ್ಟಿ. ಮನುಷ್ಯರ ಮೇಲಿನ ಯಾವ ಅಧ್ಯಯನಕ್ಕೂ ಯೂನಿವರ್ಸಿಟಿಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವನ್ನು ಎರಡೂ ಭಾಷೆಯಲ್ಲಿ ಬರೆದೆ. ಭಾಗವಹಿಸುವವರು ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಬಂದಿದ್ದವರು. ಊಟದ ಹಾಲ್ ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಸೆಕೆಂಡಿಗೊಂದರಂತೆ ಅಂಕಿ ಓದುತ್ತಿದ್ದೆ. ಅರ್ಧ ಜನಕ್ಕೆ ಮೊದಲು ಕನ್ನಡ, ಉಳಿದವರಿಗೆ ಮೊದಲು ಇಂಗ್ಲಿಷ್.

“ಏನಮ್ಮ, ಬುದ್ಧಿ ಪರೀಕ್ಷೆನಾ?” ಅಂತ ಹಿರಿಯರೊಬ್ಬರು ಬಾಗಿಲಲ್ಲೇ ನಿಂತರು.

“ಅಲ್ಲ ಅಂಕಲ್, ಭಾಷೆಗೇ ಪರೀಕ್ಷೆ. ಬೇಡ ಅನ್ನಿಸಿದರೆ ಯಾವಾಗ ಬೇಕಾದ್ರೂ ಎದ್ದು ಹೋಗಬಹುದು.”

ಅವರು ಕೂತರು. ಇಂಗ್ಲಿಷ್ ಅಂಕಿಗಳನ್ನು ಸರಾಗವಾಗಿ ಹೇಳಿದರು. ಕನ್ನಡದಲ್ಲಿ ‘ಸೊನ್ನೆ’ ಬಂದಾಗಲೆಲ್ಲ ಒಂದು ಕ್ಷಣ ತಡೆದು “ಜೀರೋ” ಅಂದು, ಆಮೇಲೆ ತಿದ್ದಿಕೊಳ್ಳುತ್ತಿದ್ದರು. ಅದನ್ನೂ ಹಾಳೆಯ ಅಂಚಿನಲ್ಲಿ ಬರೆದಿಟ್ಟೆ.

ನಮ್ಮವರಿಗೂ ಇಂಗ್ಲಿಷಿನಲ್ಲೇ ಜಾಸ್ತಿ ಅಂಕಿ ನೆನಪಿದ್ದವು. ಆ ಕೆಲಸವನ್ನು ಷಿಕಾಗೋದ ಪಾಮರ್ ಹೌಸ್ ಹೋಟೆಲಿನಲ್ಲಿ ನಡೆದ ಮಿಡ್‌ವೆಸ್ಟರ್ನ್ ಸೈಕಲಾಜಿಕಲ್ ಅಸೋಸಿಯೇಷನ್ ಸಮ್ಮೇಳನಕ್ಕೆ ಪೋಸ್ಟರ್ (ಇಡೀ ಅಧ್ಯಯನವನ್ನು ತೋರಿಸುವ ಒಂದು ದೊಡ್ಡ ಹಾಳೆ) ಮಾಡಿ ಒಯ್ದೆವು. ಸೈ ಕೈ ಸದಸ್ಯರ ಪೋಸ್ಟರ್‌ಗಳಿಗೆ ಅಲ್ಲಿ ಬೇರೆಯೇ ಸಮಯ ಇರುತ್ತದೆ. ಪೋಸ್ಟರ್ ಪಕ್ಕ ನಿಂತಿದ್ದೆ. ಯಾರೋ ಪ್ರೊಫೆಸರ್ ಬಂದು ಎಲ್ಲ ಓದಿ, “ಇವರು ದಿನನಿತ್ಯ ಫೋನ್ ನಂಬರ್ ಯಾವ ಭಾಷೆಯಲ್ಲಿ ಹೇಳ್ತಾರೆ?” ಅಂದರು. ಇಂಗ್ಲಿಷಿನಲ್ಲೇ ಅಲ್ವಾ! ಹಾಲಿನ ಲೆಕ್ಕ, ಚೌಕಾಸಿ ಕನ್ನಡದಲ್ಲಿ, ಫೋನ್ ನಂಬರ್ ಮಾತ್ರ ಇಂಗ್ಲಿಷಿನಲ್ಲಿ. ಅಂದರೆ ಇಂಗ್ಲಿಷಿನಲ್ಲಿ ಜಾಸ್ತಿ ನೆನಪಿದ್ದದ್ದು ಅಂಕಿಯ ಉದ್ದದಿಂದಲೋ, ರೂಢಿಯಿಂದಲೋ ಹೇಳಲಾಗದು. ನಮ್ಮಲ್ಲಿ ಭಾಗವಹಿಸಿದವರೂ ಕಮ್ಮಿ. ಅಂಚಿನಲ್ಲಿ ಬರೆದಿಟ್ಟ ಆ “ಜೀರೋ” ಬಗ್ಗೆ ಅವರಿಗೆ ಹೇಳಿದೆ. “ಮುಂದಿನ ಅಧ್ಯಯನ ಇದೇ” ಅಂದರು. ಇಂಥ ಮಾತು ತರಗತಿಯಲ್ಲಿ ಕೂತರೆ ಸಿಗುವುದಲ್ಲ.

ಮಾಸ್ಟರ್ಸ್ ಸಂದರ್ಶನದಲ್ಲಿ ಸದಸ್ಯತ್ವದ ಬಗ್ಗೆ ಯಾರೂ ಕೇಳಲಿಲ್ಲ. ಪೋಸ್ಟರ್ ಬಗ್ಗೆ ತುಂಬಾ ಹೊತ್ತು ಕೇಳಿದರು. ಹಾಗಾಗಿ ಹುಡುಗಿಯರಿಗೆ ನಾನು ಹೇಳುವುದು, ಸೇರುವುದಾದರೆ ಎರಡನೇ ವರ್ಷದಲ್ಲೇ ಸೇರಿ. ಕೊನೆಯ ಸೆಮಿಸ್ಟರಿನಲ್ಲಿ ಸೇರಿದರೆ ಅನುದಾನಕ್ಕೆ ಅರ್ಜಿ ಹಾಕಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಅಧ್ಯಯನ ಮುಗಿಸಲು ಸಮಯವೇ ಉಳಿಯುವುದಿಲ್ಲ. ವಸಂತದ ಸಮ್ಮೇಳನಕ್ಕೆ ಸಾರಾಂಶ ಕಳಿಸುವ ಕೊನೆಯ ದಿನ ತಿಂಗಳುಗಟ್ಟಲೆ ಮೊದಲೇ ಬಂದುಬಿಡುತ್ತದೆ, ಅದನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿಕೊಳ್ಳಿ.