ಅವ್ವನ ಕಣ್ಣಿಗೆ ಪೊರೆ ಬಂದಿದೆಯೇ? ಮನೆಯಲ್ಲೇ ಹೀಗೆ ನೋಡಿ

ಅವ್ವ ಜೋಳ ಹಸನು ಮಾಡುವುದನ್ನು ಬಿಟ್ಟಿದ್ದಾಳೆ. ಚಿಗರಿ ಬಸ್ಸಿನ ಬೋರ್ಡ್ ಓದಲು ಪಕ್ಕದವರನ್ನು ಕೇಳುತ್ತಾಳೆ. ಸಂಜೆಯಾದರೆ ಹೊರಗೆ ಹೆಜ್ಜೆ ಇಡುವುದಿಲ್ಲ. ಕೇಳಿದರೆ "ವಯಸ್ಸಾತಲ್ಲಪಾ" ಅನ್ನುತ್ತಾಳೆ. ನಾವೂ ಸುಮ್ನಾಗುತ್ತೇವೆ, ಅಲ್ವಾ?

ಮೊದಲು ಒಂದೊಂದೇ ಕಣ್ಣು ನೋಡಿ. ಎರಡೂ ತೆರೆದಿದ್ದರೆ ಒಳ್ಳೆಯ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ. ಕನ್ನಡಕ ಹಾಕಿಸಿ, ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿಸಿ, ಗೋಡೆಯ ಕ್ಯಾಲೆಂಡರ್ ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಮಂಜು ಕವಿದಂತೆ ಕಾಣುತ್ತದೆಯೇ? ರಾತ್ರಿ ಗಾಡಿಗಳ ಲೈಟು ಚದುರುತ್ತದೆಯೇ? ಸೀರೆಯ ಬಣ್ಣ ಮಾಸಿದಂತಿದೆಯೇ? ಇವೆಲ್ಲ ಪೊರೆಯ ಗುರುತು. ವರ್ಷಗಟ್ಟಲೆ ಕನ್ನಡಕ ಹಾಕುತ್ತಿದ್ದ ಅಜ್ಜ ಈಗ ಬರಿಗಣ್ಣಲ್ಲಿ ಪೇಪರ್ ಓದುತ್ತಿದ್ದರೆ ಖುಷಿಪಟ್ಟು ಸುಮ್ಮನಿರಬೇಡಿ. ಪೊರೆ ಬಲಿಯುವಾಗ ಕೆಲವರಿಗೆ ಸ್ವಲ್ಪ ದಿನ ಹಾಗಾಗುತ್ತದೆ.

ಮುಂದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಜಿಲ್ಲಾ ಆಸ್ಪತ್ರೆ, ಗದಗದ ಜಿಮ್ಸ್ ಆಸ್ಪತ್ರೆ, ಎಲ್ಲಿ ಹತ್ತಿರವೋ ಅಲ್ಲಿ. ಮಸುಕಿಗೆಲ್ಲ ಪೊರೆಯೇ ಕಾರಣ ಅಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನೂ ಕೆಡಿಸುತ್ತದೆ, ಪೊರೆಯನ್ನೂ ಬೇಗ ತರುತ್ತದೆ. ಹಾಗಾಗಿ ಶುಗರ್, ಬಿಪಿ ಚೀಟಿ, ನುಂಗುವ ಎಲ್ಲ ಮಾತ್ರೆ ಜೊತೆಗಿರಲಿ. ಗಂಡಸರು ಮೂತ್ರದ ತೊಂದರೆಗೆ ನುಂಗುವ ಪ್ರಾಸ್ಟೇಟ್ ಮಾತ್ರೆಯನ್ನು ಮರೆಯದೆ ಹೇಳಿ. ಅದರಲ್ಲಿ ಕೆಲವು ಆಪರೇಷನ್ ವೇಳೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನು ಸಡಿಲ ಮಾಡುತ್ತವೆ.

"ಪೊರೆ ಹಣ್ಣಾಗಲಿ" ಎಂದು ಕಾಯುವವರು ನಮ್ಮ ಕಡೆ ಇನ್ನೂ ಇದ್ದಾರೆ. ಹಳೆಯ ವಿಧಾನಕ್ಕೆ ಅದು ಬೇಕಿತ್ತು, ಈಗ ಬೇಡ. ದಿನದ ಕೆಲಸಕ್ಕೆ ತೊಡಕಾದರೆ ಸಾಕು, ತೆಗೆಸಬಹುದು. ತೀರಾ ಬಲಿತರೆ ತೆಗೆಯುವುದೂ ಕಷ್ಟ, ಕೆಲವರಿಗೆ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಪೊರೆ ಕರಗಿಸುವ ಡ್ರಾಪ್ ಇದೆ ಎಂದರೆ ನಂಬಬೇಡಿ.

ಕಾಯುವುದರಿಂದ ಕೆಡುವುದು ಕಣ್ಣೊಂದೇ ಅಲ್ಲ. ಬಚ್ಚಲ ಹೊಸ್ತಿಲು ಕಾಣದೆ ಬಿದ್ದು ಸೊಂಟ ಮುರಿದರೆ ಇಡೀ ಮನೆಯೇ ಹಾಸಿಗೆಯ ಪಕ್ಕ ಕೂರಬೇಕು. ಕಾಣದವರು ಕಟ್ಟೆಗೆ ಹೋಗುವುದಿಲ್ಲ, ಮಾತು ಕಮ್ಮಿಯಾಗುತ್ತದೆ, ಮನಸ್ಸು ಕುಗ್ಗುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ 3,000ಕ್ಕೂ ಹೆಚ್ಚು ಜನರನ್ನು ವರ್ಷಗಳ ಕಾಲ ನೋಡಿದಾಗ, ಪೊರೆ ತೆಗೆಸಿಕೊಂಡವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಆಪರೇಷನ್ನೇ ಅದಕ್ಕೆ ಕಾರಣ ಎಂದು ಇಷ್ಟರಿಂದ ಹೇಳಲಾಗದು. ಆದರೂ ನನಗೆ ಇದು ದೊಡ್ಡ ಸುದ್ದಿ.

ಆಪರೇಷನ್ ಆದ ಮೇಲೆ ಡಾಕ್ಟರ್ ಹೇಳಿದಷ್ಟು ದಿನ ಡ್ರಾಪ್ ಹಾಕಿ. ಹಾಕುವ ಮುಂಚೆ ಕೈ ತೊಳೆಯಿರಿ. ಕಣ್ಣು ಉಜ್ಜಲು ಬಿಡಬೇಡಿ. ತಲೆಸ್ನಾನ, ಒಲೆಯ ಹೊಗೆ ಸದ್ಯಕ್ಕೆ ಬೇಡ. ನೋವು ಜಾಸ್ತಿಯಾದರೆ, ಕಣ್ಣು ಕೆಂಪೇರಿದರೆ, ಸರಿಯಾಗಿ ಕಂಡದ್ದು ಮತ್ತೆ ಮಸುಕಾದರೆ ನಾಳೆ ಎನ್ನಬೇಡಿ. ಅದೇ ದಿನ ಕರೆದುಕೊಂಡು ಹೋಗಿ.