ಡೀಸೆಲ್‌ಗೆ ನೀರು ಸೇರಿದ ಲಾರಿ: ಟ್ಯಾಂಕಿನಿಂದ ಇಂಜೆಕ್ಟರ್‌ವರೆಗೆ ಮಾಡಬೇಕಾದ ಕೆಲಸ

ಲೋಡು ಹೊತ್ತು ಶಿರಾಡಿ ಘಾಟಿಯನ್ನು ಏರುತ್ತಿರುವ ಲಾರಿ ಇದ್ದಕ್ಕಿದ್ದಂತೆ ಎಳೆತ ಕಳೆದುಕೊಂಡು, ಬಿಳಿ ಹೊಗೆ ಉಗುಳಿ, ಮುಗ್ಗರಿಸಿ ನಿಂತರೆ, ಅದರಲ್ಲೂ ಸ್ವಲ್ಪ ಹೊತ್ತಿನ ಹಿಂದಷ್ಟೇ ಡೀಸೆಲ್ ಹಾಕಿಸಿದ್ದರೆ ಅಥವಾ ರಾತ್ರಿಯ ಮಳೆಯಲ್ಲಿ ಟ್ಯಾಂಕಿನ ಮುಚ್ಚಳ ಸಡಿಲವಾಗಿ ಉಳಿದಿದ್ದರೆ, ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಅಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ನೀರು ಟ್ಯಾಂಕಿನಲ್ಲೇ ಇರುವವರೆಗೆ ಹೋಗುವುದು ಡೀಸೆಲ್ ಮತ್ತು ಫಿಲ್ಟರಿನ ಹಣ ಮಾತ್ರ. ನಾಲ್ಕೈದು ಸಲ ಸೆಲ್ಫ್ ಹೊಡೆದು ಆ ನೀರನ್ನು ಇಂಜಿನ್ನಿನ ಹೈ ಪ್ರೆಶರ್ ಡೀಸೆಲ್ ಪಂಪಿನೊಳಕ್ಕೆ ಎಳೆದುಕೊಂಡರೆ ಲಕ್ಷಗಟ್ಟಲೆ ಖರ್ಚು ಬರಬಹುದು.

ಇದಕ್ಕೆ ಕಾರಣವಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಹೊಗೆ ನಿಯಮದ ಲಾರಿಗಳಲ್ಲಿ, ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಎಂಬ ಕೊಳವೆಯ ಒತ್ತಡ 1,600 ಬಾರ್ ಮುಟ್ಟುತ್ತದೆ, ಕೆಲವು ಇಂಜಿನ್‌ಗಳಲ್ಲಿ ಅದನ್ನೂ ದಾಟುತ್ತದೆ. ಲಾರಿಯ ಟೈರಿನಲ್ಲಿರುವುದು ಸುಮಾರು 8 ಬಾರ್. ಪಂಪ್ ಮತ್ತು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಒಳಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಅವುಗಳ ಸವೆತವನ್ನು ತಡೆಯುವುದು ಡೀಸೆಲ್‌ನ ಜಿಡ್ಡು. ನೀರಿಗೆ ಆ ಜಿಡ್ಡಿಲ್ಲ. ಲೋಹಕ್ಕೆ ಲೋಹ ಉಜ್ಜಿ ಎದ್ದ ಪುಡಿ ಇಂಜೆಕ್ಟರ್‌ಗಳಿಗೂ ಹೋಗುತ್ತದೆ, ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೂ ಮರಳುತ್ತದೆ.

ಮೊದಲು ಪರೀಕ್ಷೆ ಮಾಡಿ. ಡೀಸೆಲ್‌ನಿಂದ ನೀರನ್ನು ಬೇರ್ಪಡಿಸುವ ವಾಟರ್ ಸೆಪರೇಟರ್‌ನ ಕೆಳಗಿನ ಡ್ರೈನ್ ತಿರುಪನ್ನು ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಹದಿನೈದು ನಿಮಿಷ ಅಲುಗಾಡಿಸದೆ ಇಡಿ. ನೀರು ಭಾರವಾದದ್ದರಿಂದ ತಳಕ್ಕಿಳಿದು, ಗೆರೆ ಎಳೆದಂತೆ ಬೇರೆಯಾಗುತ್ತದೆ. ಗೆರೆ ಕಾಣಲಿಲ್ಲವೆಂದು ನೆಮ್ಮದಿಪಡಬೇಡಿ, ಬಾಟಲಿ ತುಂಬ ಬರೀ ನೀರೇ ಬಂದಿದ್ದರೂ ಗೆರೆ ಇರುವುದಿಲ್ಲ. ಒಂದು ಚಮಚ ಒಳ್ಳೆಯ ಡೀಸೆಲ್ ಸುರಿದು ನೋಡಿ: ಅದು ಮೇಲೆ ತೇಲಿದರೆ ಕೆಳಗಿರುವುದು ನೀರು. ಇಡೀ ಬಾಟಲಿ ಮಜ್ಜಿಗೆಯಂತೆ ಕದಡಿದ್ದರೆ ನೀರು ಡೀಸೆಲ್‌ನೊಂದಿಗೆ ಬೆರೆತುಹೋಗಿದೆ ಎಂದರ್ಥ.

ನೀರು ಖಚಿತವಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಬೆಂಕಿಯ ಸುಳಿವಿಲ್ಲದ ಜಾಗದಲ್ಲಿ ಟ್ಯಾಂಕನ್ನು ಪೂರ್ತಿ ಬರಿದು ಮಾಡಬೇಕು. ತಳದ ನೀರನ್ನಷ್ಟೇ ಬಿಟ್ಟು ಮೇಲಿನ ಡೀಸೆಲ್ ಉಳಿಸಿಕೊಳ್ಳುವ ಆಸೆ ಸಹಜ. ಆದರೆ ಕದಡಿದ ಡೀಸೆಲ್‌ನಲ್ಲಿ ಕಣ್ಣಿಗೆ ಕಾಣದ ನೀರು ಉಳಿದಿರುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಕ್ಷನ್ ಪೈಪನ್ನು ಹೊರತೆಗೆದು ಅದರ ಜಾಲರಿಯನ್ನು ನೋಡಿ. ಅಲ್ಲಿ ಕಪ್ಪು ಲೋಳೆ ಅಂಟಿದ್ದರೆ ನೀರು ಬಹಳ ದಿನಗಳಿಂದ ಟ್ಯಾಂಕಿನಲ್ಲಿತ್ತು ಎಂದು ತಿಳಿಯಬೇಕು, ಏಕೆಂದರೆ ನೀರು ಮತ್ತು ಡೀಸೆಲ್ ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅಂಥ ಟ್ಯಾಂಕನ್ನು ಇಳಿಸಿಯೇ ತೊಳೆಯಬೇಕು. ಒರೆಸಲು ಕಾಟನ್ ವೇಸ್ಟ್ ಬೇಡ, ಅದರ ಎಳೆಗಳು ಹೊಸ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತವೆ.

ಫೀಡ್ ಪೈಪು ಮತ್ತು ರಿಟರ್ನ್ ಪೈಪುಗಳನ್ನು ಎರಡೂ ತುದಿಗಳಲ್ಲಿ ಬಿಚ್ಚಿ ಗಾಳಿ ಹೊಡೆಯಿರಿ. ಸೆಪರೇಟರ್ ಫಿಲ್ಟರ್ ಮತ್ತು ಮುಖ್ಯ ಫಿಲ್ಟರ್ ಎರಡನ್ನೂ ಬದಲಿಸಿ.

ಹಳೆಯ ಫಿಲ್ಟರಿನಲ್ಲಿ ಉಳಿದದ್ದನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಪಂಪ್ ಸವೆದಾಗ ಅದರ ಪುಡಿ ಟ್ಯಾಂಕಿಗೆ ಮರಳಿ ಇಲ್ಲಿ ಸಿಕ್ಕಿಕೊಳ್ಳುತ್ತದೆ. ಪಂಪಿಗೆ ಹೋಗುವ ಡೀಸೆಲ್‌ನ ಪ್ರಮಾಣವನ್ನು ನಿಯಂತ್ರಿಸುವ ಮೀಟರಿಂಗ್ ವಾಲ್ವನ್ನೂ ತೆಗೆಸಿ ನೋಡುವುದು ಒಳ್ಳೆಯದು. ಎರಡರಲ್ಲಿ ಎಲ್ಲಿಯಾದರೂ ಬೆಳ್ಳಿಯಂಥ ಮಿನುಗು ಕಂಡರೆ ಹೈ ಪ್ರೆಶರ್ ಪಂಪ್ ಕೆಟ್ಟಿದೆ. ಆಗ ಪಂಪ್ ಒಂದನ್ನೇ ಬದಲಿಸಿದರೆ ರೈಲಿನಲ್ಲಿ ಉಳಿದ ಪುಡಿ ಇಂಜೆಕ್ಟರ್‌ಗಳನ್ನೂ ಹಾಳುಮಾಡುತ್ತದೆ. ಮಿನುಗು ಇಲ್ಲದಿದ್ದರೂ ಇಂಜಿನ್ ಮುಗ್ಗರಿಸಿದ್ದರೆ ಇಂಜೆಕ್ಟರ್‌ಗಳನ್ನು ಬಿಚ್ಚಿಸಿ ಟೆಸ್ಟ್ ಬೆಂಚಿನಲ್ಲಿ ನೋಡಿಸಬೇಕು. ಅವು ಹೊರಗಿರುವಾಗಲೇ ಇಂಜಿನ್ನನ್ನು ಕೈಯಿಂದ ತಿರುಗಿಸಿ, ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಹೊರಬರುತ್ತದೆ. ಮರಳಿ ಕೂಡಿಸುವಾಗ ತಾಮ್ರದ ವಾಶರ್‌ಗಳು ಹೊಸವೇ ಆಗಿರಲಿ. ಇಂಜೆಕ್ಟರ್ ಬದಲಾಗಿದ್ದರೆ ಅದರ ಕೋಡನ್ನು ಸ್ಕ್ಯಾನರ್ ಮೂಲಕ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಸೇರಿಸಬೇಕು.

ಹೊಸ ಡೀಸೆಲ್ ಹಾಕಿದ ಮೇಲೆ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ ಪೈಪುಗಳಲ್ಲಿ ಸಿಕ್ಕಿಕೊಂಡ ಏರ್ (ಗಾಳಿ) ತೆಗೆಯಿರಿ. ಮುಖ್ಯ ಫಿಲ್ಟರಿಗೆ ಮೇಲಿಂದ ಡೀಸೆಲ್ ಸುರಿದು ಕೂಡಿಸುವ ಹಳೆಯ ರೂಢಿ ಕಾಮನ್ ರೈಲಿಗೆ ಸಲ್ಲದು, ಸೋಸದ ಡೀಸೆಲ್ ನೇರವಾಗಿ ಪಂಪಿಗೆ ಹೋಗುತ್ತದೆ. ಏರ್ ತೆಗೆಯಲೆಂದು ಹೈ ಪ್ರೆಶರ್ ಪೈಪಿನ ನಟ್ಟನ್ನು ಎಂದಿಗೂ ಸಡಿಲಿಸಬೇಡಿ. ಆ ಒತ್ತಡದ ಧಾರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯದೆ, ನಡುವೆ ಒಂದೆರಡು ನಿಮಿಷ ಬಿಡುವು ಕೊಡಿ. ಅದಕ್ಕೆ ಮೊದಲು ಡಿಪ್‌ಸ್ಟಿಕ್ ನೋಡಿ, ಇಂಜಿನ್ ಆಯಿಲ್ ಮಟ್ಟ ಏರಿದ್ದರೆ ಅಥವಾ ಹಾಲು ಬೆರೆಸಿದಂತಿದ್ದರೆ ಆಯಿಲ್ ಬದಲಿಸಿ.

ಬಂಕಿನ ಡೀಸೆಲ್ ಮೇಲೆಯೇ ಅನುಮಾನವಿದ್ದರೆ ಮೊದಲು ಹಿಡಿದ ಬಾಟಲಿಯನ್ನೂ ಬಿಲ್ಲನ್ನೂ ಜೋಪಾನವಾಗಿಡಿ, ಬಂಕಿನಲ್ಲಿ ಡೆನ್ಸಿಟಿ ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗಿದೆ. ಇಂಜಿನ್ ಸ್ಟಾರ್ಟ್ ಆದ ಮೇಲೆ ಅದನ್ನು ಇಪ್ಪತ್ತು ನಿಮಿಷ ಐಡಲ್‌ನಲ್ಲಿ ಓಡಿಸಿ ನಿಲ್ಲಿಸಿ, ಸೆಪರೇಟರ್‌ನಿಂದ ಇನ್ನೊಂದು ಬಾಟಲಿ ಹಿಡಿಯಿರಿ. ಗೆರೆ ಕಾಣದಿದ್ದರೆ, ಚಮಚ ಡೀಸೆಲ್ ತೇಲದಿದ್ದರೆ ಮಾತ್ರ ಲೋಡು ಏರಿಸಿ, ಮರುದಿನ ಬೆಳಗ್ಗೆ ಗಾಡಿ ತೆಗೆಯುವ ಮುನ್ನ ಮತ್ತೊಮ್ಮೆ ಹಿಡಿದು ನೋಡಿ.