ಹನ್ನೆರಡು ಕೊಂಬಿನ ಕಾಗದದ ನಕ್ಷತ್ರ

ನಾನು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವವನು. ಮದುವೆ ಸೀಸನ್ ಬಂತೆಂದರೆ ಕಟಿಂಗ್ ಮೆಷಿನ್ ಕೆಳಗೆ ಬಣ್ಣಬಣ್ಣದ ಚೂರು ಕಾಗದ ರಾಶಿ ಬೀಳುತ್ತದೆ. ಎಸೆಯಲು ಮನಸ್ಸು ಬಾರದೆ ಚೀಲದಲ್ಲಿ ತುಂಬಿಟ್ಟುಕೊಂಡಿದ್ದೆ. ಅದರಲ್ಲೇ ಮಾಡಿದ್ದು ಇದು. ಈಗ ಜಗಲಿಯಲ್ಲಿ ಗೂಡುದೀಪದ ಪಕ್ಕ ತೂಗುತ್ತಿದೆ. ಅಮ್ಮ ಇದನ್ನು ದತ್ತೂರದ ಕಾಯಿ ಎನ್ನುತ್ತಾರೆ.

ಗಣಿತದವರು ಕರೆಯುವುದು ಸ್ಮಾಲ್ ಸ್ಟೆಲ್ಲೇಟೆಡ್ ಡೋಡೆಕಹೆಡ್ರನ್ ಎಂದು. 1619ರಲ್ಲಿ ಬಂದ ಖಗೋಳಶಾಸ್ತ್ರಜ್ಞ ಕೆಪ್ಲರನ ಪುಸ್ತಕದಲ್ಲಿ ಇದರ ಚಿತ್ರವಿದೆ. ಅದಕ್ಕೂ ಮೊದಲೇ ವೆನಿಸ್ಸಿನ ಸೇಂಟ್ ಮಾರ್ಕ್ ಬೆಸಿಲಿಕಾದ ನೆಲದಲ್ಲಿ ಇದೇ ಆಕಾರವನ್ನು ಕಲ್ಲಿನ ತುಂಡುಗಳಲ್ಲಿ ಕೂರಿಸಿದ್ದಾರೆ. ನೋಡಿದರೆ ಹನ್ನೆರಡು ಕೊಂಬು. ನಿಜವಾಗಿ ಇವು ಒಂದರೊಳಗೊಂದು ಹಾದುಹೋದ ಹನ್ನೆರಡು ಚಪ್ಪಟೆ ನಕ್ಷತ್ರಗಳು. ಪ್ರತಿ ನಕ್ಷತ್ರದ ಐದು ತುದಿ ಹೊರಗೆ ಕಾಣುತ್ತವೆ, ಹೊಟ್ಟೆ ಒಳಗೆ ಅಡಗಿರುತ್ತದೆ. ಕೊಂಬಿಗೊಂದು ಬಣ್ಣ ಹಾಕಿದರೆ ಈ ನಕ್ಷತ್ರಗಳು ಕಾಣುವುದೇ ಇಲ್ಲ, ಸುಮ್ನೆ ಮುಳ್ಳಿನ ಚೆಂಡು. ಹಾಗಾಗಿ ಬಣ್ಣದ ಕೆಲಸವೇ ಜಾಸ್ತಿ.

ಮೊದಲು ಕೊಂಬು. 200 ಜಿಎಸ್ಎಂ (ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ) ಬಿಳಿ ಕಾರ್ಡ್ ತೆಗೆದುಕೊಳ್ಳಿ. 13 ಸೆಂ.ಮೀ. ಗೆರೆ ಎಳೆದು, ಅದರ ನಡುವೆ ಕೈವಾರ ಊರಿ 6.5 ಸೆಂ.ಮೀ. ಅಳತೆಗೆ ಅರ್ಧ ವೃತ್ತ ಬರೆಯಿರಿ. ಈಗ ಕೈವಾರವನ್ನು 4 ಸೆಂ.ಮೀ.ಗೆ ಇಳಿಸಿ, ಒಂದು ತುದಿಯಿಂದ ಕಮಾನಿನ ಮೇಲೆ ಐದು ಹೆಜ್ಜೆ ಹಾಕಿ. ಐದನೆಯದು ಇನ್ನೊಂದು ತುದಿಗೆ ಬಂದು ಮುಟ್ಟಬೇಕು. ಒಂದು ಮಿ.ಮೀ.ನಷ್ಟು ಕಡಿಮೆ ಬಿದ್ದರೆ ಕೈವಾರವನ್ನು ಕೂದಲೆಳೆಯಷ್ಟು ಅಗಲಿಸಿ ಮತ್ತೆ ಹಾಕಿ. ಈ ಗುರುತುಗಳನ್ನು ನೇರ ಗೆರೆಯಿಂದ ಸೇರಿಸಿ, ಕೇಂದ್ರಕ್ಕೂ ಗೆರೆ ಎಳೆಯಿರಿ. ಬೀಸಣಿಗೆಯ ಹಾಗೆ ಐದು ತ್ರಿಕೋನ ಆಯಿತಲ್ವಾ? ಒಂದೊಂದರ ತುದಿಯಲ್ಲೂ 36 ಡಿಗ್ರಿ. ಐದು ಸೇರಿ 180, ಅದಕ್ಕೇ ಅರ್ಧ ವೃತ್ತದಲ್ಲಿ ಸರಿಯಾಗಿ ಕೂರುತ್ತದೆ. ಕೋನಮಾಪಕ ಮುಟ್ಟುವ ಕೆಲಸವೇ ಇಲ್ಲ.

ಐದು ಗಿಡ್ಡ ಬದಿಗಳಿಗೂ ಒಂದು ಉದ್ದ ಬದಿಗೂ 7 ಮಿ.ಮೀ. ಅಂಟುಪಟ್ಟಿ ಬಿಟ್ಟು ಕತ್ತರಿಸಿ. ಪಟ್ಟಿಯ ತುದಿಗಳು ಓರೆಯಾಗಿರಲಿ, ಇಲ್ಲದಿದ್ದರೆ ಒಳಗೆ ಒಂದಕ್ಕೊಂದು ತಾಗುತ್ತವೆ. ಮಡಿಸುವ ಗೆರೆಗಳ ಮೇಲೆ ಇಂಕು ಮುಗಿದ ಬಾಲ್ ಪೆನ್ನನ್ನು ಒತ್ತಿ ಎಳೆಯಿರಿ. ಬ್ಲೇಡ್ ಬೇಡ, ಕಾರ್ಡ್ ಹರಿಯುತ್ತದೆ. ಇಂಥವು ಹನ್ನೆರಡು ಬೇಕು.

ಇನ್ನು ಬಣ್ಣ. ಗುಲಾಬಿ, ಹಳದಿ, ನೀಲಿ, ಕಿತ್ತಳೆ, ಕೆಂಪು, ಹಸಿರು. ಒಂದೊಂದರಲ್ಲಿ ಹತ್ತು ತ್ರಿಕೋನ, ಒಟ್ಟು 60. ಅರ್ಧ ಮಿ.ಮೀ. ಚಿಕ್ಕದಾಗಿಯೇ ಕತ್ತರಿಸಿ, ಆಗ ಮಡಿಕೆಯಲ್ಲಿ ಕಾಗದ ಏಳುವುದಿಲ್ಲ. ಸಣ್ಣ ಬಿಳಿ ಗೆರೆ ಉಳಿಯುತ್ತದೆ, ನನಗೇನೋ ಅದು ಇಷ್ಟ.

ಪ್ರತಿ ಕೊಂಬಿನಲ್ಲೂ ಒಂದು ಬಣ್ಣ ಇರುವುದಿಲ್ಲ. ಆ ಇಲ್ಲದ ಬಣ್ಣವೇ ಅದರ ಹೆಸರು. ಕಮಾನು ಮೇಲಕ್ಕಿರುವಂತೆ ಹಿಡಿದು, ಎಡದಿಂದ ಬಲಕ್ಕೆ ಅಂಟಿಸುತ್ತಾ ಹೋಗಿ. ಗುಲಾಬಿ ಕೊಂಬಿಗೆ ಹಳದಿ, ನೀಲಿ, ಕಿತ್ತಳೆ, ಕೆಂಪು, ಹಸಿರು. ಹಳದಿ ಕೊಂಬಿಗೆ ಗುಲಾಬಿ, ಹಸಿರು, ಕಿತ್ತಳೆ, ಕೆಂಪು, ನೀಲಿ. ನೀಲಿ ಕೊಂಬಿಗೆ ಗುಲಾಬಿಯನ್ನು ಅಲ್ಲೇ ಬಿಟ್ಟು, ಉಳಿದವನ್ನು ಗುಲಾಬಿ ಕೊಂಬಿನ ಸಾಲಿನ ಕ್ರಮದಲ್ಲಿ ಒಂದು ಮನೆ ಮುಂದಕ್ಕೆ ತಳ್ಳಿ: ಹಸಿರಿನ ಜಾಗಕ್ಕೆ ಹಳದಿ, ಕಿತ್ತಳೆಗೆ ಕೆಂಪು, ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ. ಹೀಗೇ ತಳ್ಳುತ್ತಾ ಆರು ಕೊಂಬು ಮುಗಿಸಿ. ಉಳಿದ ಆರಕ್ಕೆ ಇದೇ ಆರು ಸಾಲು, ಆದರೆ ಬಲದಿಂದ ಎಡಕ್ಕೆ.

ಈ ಕೊನೆಯ ಮಾತನ್ನು ಮರೆಯಬೇಡಿ. ನಾನು ಮೊದಲ ಸಲ ಹನ್ನೆರಡನ್ನೂ ಒಂದೇ ದಿಕ್ಕಿಗೆ ಅಂಟಿಸಿದ್ದೆ. ಆರು ಕೊಂಬು ಚೆಂದವಾಗಿ ಕೂತವು. ಏಳನೆಯದನ್ನು ಹೇಗೆ ತಿರುಗಿಸಿದರೂ ಕೂರಲಿಲ್ಲ. ರಾತ್ರಿ ಹನ್ನೊಂದಕ್ಕೆ ಕೂತು ಆರು ಕೊಂಬು ಕಿತ್ತೆ. ಎದುರುಬದುರು ಇರುವ ಕೊಂಬುಗಳು ಕನ್ನಡಿಯಲ್ಲಿ ಕಂಡ ಹಾಗೆ ಇರಬೇಕು ಎಂದು ಆಮೇಲೆ ಹೊಳೆಯಿತು.

ಪ್ರತಿ ಬೀಸಣಿಗೆಯನ್ನೂ ಮಡಿಸಿ, ಉದ್ದ ಬದಿಯ ಪಟ್ಟಿಯನ್ನು ಒಳಗೆ ಅಂಟಿಸಿದರೆ ಕೊಂಬು ಆಯಿತು. ಜೋಡಿಸುವುದಕ್ಕೆ ಒಂದೇ ನಿಯಮ. ಗುಲಾಬಿ ಕೊಂಬಿನ ಹಸಿರು ತ್ರಿಕೋನದ ಬುಡಕ್ಕೆ, ಹಸಿರು ಕೊಂಬಿನ ಗುಲಾಬಿ ತ್ರಿಕೋನದ ಬುಡ. ಎಲ್ಲ ಕಡೆಯೂ ಹೀಗೇ ಅದಲುಬದಲು. ಗುಲಾಬಿಯನ್ನು ನಡುವೆ ಇಟ್ಟು, ಮೊದಲ ಗುಂಪಿನ ಐದನ್ನು ಸುತ್ತ ಅಂಟಿಸಿ, ಬೋಗುಣಿಯಂತಾಗುತ್ತದೆ. ಪಟ್ಟಿಗಳು ಒಳಮುಖವಾಗಿ ಬೆನ್ನಿಗೆ ಬೆನ್ನು ಸೇರಬೇಕು, ಬಟ್ಟೆ ಕ್ಲಿಪ್ ಹಾಕಿ ಹತ್ತು ನಿಮಿಷ ಬಿಡಿ. ತೂಗುಹಾಕುವ ದಾರವನ್ನು ಈಗಲೇ ಒಂದು ಕೊಂಬಿನ ತುದಿಯಿಂದ ತೂರಿಸಿ ಒಳಗೆ ಗಂಟು ಹಾಕಿ. ಆಮೇಲೆ ಕನ್ನಡಿ ಗುಂಪಿನ ಐದು. ಒಂದೇ ಬಣ್ಣದ ಐದು ತುದಿಗಳ ಮೇಲೆ ಅಡಿಪಟ್ಟಿ ಇಟ್ಟು ನೋಡಿ, ಎಲ್ಲ ಒಂದೇ ಮಟ್ಟದಲ್ಲಿರಬೇಕು.

ಕೊನೆಯ ಗುಲಾಬಿಯ ಬುಡದ ಪಟ್ಟಿಗಳನ್ನು ಕತ್ತರಿಸಿಬಿಡಿ. ತೂತಿನ ಸುತ್ತ ಇರುವ ಐದು ಪಟ್ಟಿಗಳನ್ನು ಕಾಲರಿನಂತೆ ಮೇಲಕ್ಕೆತ್ತಿ, ಫೆವಿಕಾಲ್ ಸವರಿ, ಟೋಪಿ ಇಟ್ಟ ಹಾಗೆ ಕೊಂಬನ್ನು ಅದರ ಮೇಲೆ ಕೂರಿಸಿ. ಬಣ್ಣ ಹೊಂದಿದೆಯೇ ಎಂದು ಅಂಟು ಸವರುವ ಮೊದಲೇ ಒಮ್ಮೆ ಇಟ್ಟು ನೋಡಿರಿ. ತುದಿಯಿಂದ ತುದಿಗೆ ಸುಮಾರು 20 ಸೆಂ.ಮೀ. ಬರುತ್ತದೆ. ರಾತ್ರಿಯಿಡೀ ಒಣಗಲಿ, ಬೆಳಿಗ್ಗೆ ತೂಗುಹಾಕಿ.